ಕಪ್ಪತಗುಡ್ಡದ ಗಾಳಿ, ಕಾರವಾರದ ಹಾಯಿ

ಜನವರಿ ಕೊನೆಯ ಒಂದು ಶನಿವಾರ, ಬೆಳಗಿನ ಹನ್ನೊಂದು ಗಂಟೆ. ಕಾರವಾರದ ಕಡಲಂಚಿನ ಮರಳಿಗೆ ಮೂತಿ ಊರಿ ಎರಡು ಪುಟ್ಟ ಹಾಯಿದೋಣಿಗಳು ನಿಂತಿದ್ದವು. ಒಂದೊಂದೂ ಹದಿನಾರು ಅಡಿ ಉದ್ದ. ಹಾಯಿ ಇನ್ನೂ ಬಿಚ್ಚಿರಲಿಲ್ಲ. ನೀರು ಎಣ್ಣೆಯಂತೆ ಹೊಳೆಯುತ್ತಿತ್ತು, ಗಾಳಿಮರದ ಎಲೆ ಕೂಡ ಅಲುಗುತ್ತಿರಲಿಲ್ಲ. ನಮ್ಮನ್ನು ಕರೆದೊಯ್ಯಲು ಒಪ್ಪಿದ್ದ ಇಬ್ಬರು ಕಡಲಿಗರು ಗಾಳಿಗಾಗಿ ಕಾಯುತ್ತ ಕೂತಿದ್ದರು. ಗದಗ, ಬೆಟಗೇರಿ, ಶಿರಹಟ್ಟಿ, ಮುಂಡರಗಿಗಳಿಂದ ಹೊರಟು ಬಂದಿದ್ದ ನಾವು ನಾಲ್ವರು ಗೆಳೆಯರು ಅವರ ಮುಖ ನೋಡುತ್ತ ಕೂತಿದ್ದೆವು.

ಹನ್ನೊಂದೂವರೆಯ ಹೊತ್ತಿಗೆ ಶಿರಹಟ್ಟಿಯ ಗೆಳೆಯ ಎದ್ದು ನಿಂತ. ಹೊಲ ಮಾಡುವವನು, ಕಡಲನ್ನು ಅದುವರೆಗೆ ಎರಡೇ ಸಲ ಕಂಡವನು. ಒಣ ಮರಳನ್ನು ಒಂದು ಹಿಡಿ ಎತ್ತಿ ಎದೆಮಟ್ಟದಿಂದ ಮೆಲ್ಲಗೆ ಬಿಟ್ಟ. ಮರಳಿನ ಎಳೆ ನೆಟ್ಟಗೆ ಇಳಿಯದೆ ಗೇಣುದ್ದ ಮೂಡಲಿಗೆ ಸರಿದು ಬಿತ್ತು. “ಬಂತು ನೋಡ್ರಿ ಪಡುವಲ ಗಾಳಿ. ಇನ್ನರ್ಧ ತಾಸಿನ್ಯಾಗ ರಾಶಿ ಮಾಡೂವಷ್ಟು ಆಗ್ತದ” ಅಂದ. ಕಡಲಿಗರು ಒಂದು ಗಳಿಗೆ ಅವನನ್ನೇ ನೋಡಿದರು. ಆಮೇಲೆ ಎದ್ದು ಹಾಯಿಯ ಹಗ್ಗ ಬಿಚ್ಚತೊಡಗಿದರು.

ಹಿಂಗಾರಿ ಜೋಳ ಕೊಯ್ದು ಕಣಕ್ಕೆ ತಂದ ಮೇಲೆ ರೈತನ ದಿನಚರಿಯನ್ನು ನಡೆಸುವುದು ಗಾಳಿ. ಮೊರದಿಂದ ಜಾರಿದ ಕಾಳು ಕಾಲ ಬುಡಕ್ಕೆ ಬೀಳಬೇಕು, ಹೊಟ್ಟು ಮಾರುದೂರ ಹಾರಬೇಕು. ಗಾಳಿ ಕಮ್ಮಿಯಾದರೆ ಎರಡೂ ಒಂದೇ ಕಡೆ ಬೀಳುತ್ತವೆ, ಹೆಚ್ಚಾದರೆ ಕಾಳೂ ಹೋಗುತ್ತದೆ. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಹುಟ್ಟಿದ್ದು ಇಂಥ ಕಣದಲ್ಲಿ. ಗಾಳಿಯ ದಿಕ್ಕು, ಬಲ, ಹೊತ್ತು ಇವು ಮೂರನ್ನೂ ಮೈಯಿಂದಲೇ ಓದಬಲ್ಲವನು ಅರ್ಧ ಕಡಲಿಗನಾಗಿರುತ್ತಾನೆ. ಬಯಲುಸೀಮೆಯವರಿಗೆ ಹಾಯಿದೋಣಿ ಪರದೇಶದ ವಸ್ತುವೇನೂ ಅಲ್ಲ ಎಂಬುದು ಆ ಎರಡು ದಿನಗಳಲ್ಲಿ ನನಗೆ ಮನದಟ್ಟಾಯಿತು. ಅದರ ವಿಜ್ಞಾನದ ಬಹುಪಾಲು ನಮ್ಮ ಕಣದಲ್ಲಿ, ಮಗ್ಗದಲ್ಲಿ, ಗಾಳಿಪಟದ ದಾರದಲ್ಲಿ ಆಗಲೇ ಇದೆ.

ಮೊದಲು ಗಾಳಿಯ ಮಾತು. ಒಂದು ಕಿಲೊ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಸುಮಾರು 4.2 ಕಿಲೊಜೂಲ್ ಶಾಖ ಬೇಕು. ಅದೇ ತೂಕದ ಒಣ ಮರಳಿಗೆ ಅದರ ಐದನೆಯ ಒಂದು ಪಾಲು ಸಾಕು. ಅಲ್ಲದೆ ಬಿಸಿಲು ಮರಳಿನ ಮೇಲ್ಪದರದಲ್ಲೇ ನಿಲ್ಲುತ್ತದೆ, ನೀರಿನಲ್ಲಾದರೆ ಆಳಕ್ಕಿಳಿದು ಅಲೆಯೊಂದಿಗೆ ಕಲೆಸಿಹೋಗುತ್ತದೆ. ಹೀಗಾಗಿ ನಡುಹಗಲಿನ ಹೊತ್ತಿಗೆ ದಂಡೆಯ ಮರಳು ಅಂಗಾಲು ಸುಡುವಾಗಲೂ ಕಡಲು ಬೆಳಗಿನಷ್ಟೇ ತಂಪು. ನೆಲದ ಮೇಲಿನ ಬಿಸಿಗಾಳಿ ಮೇಲೇಳುತ್ತದೆ, ಅದರ ಜಾಗಕ್ಕೆ ಕಡಲ ಮೇಲಿನ ತಣ್ಣನೆಯ, ಭಾರದ ಗಾಳಿ ನುಗ್ಗುತ್ತದೆ. ಇದೇ ಕಡಲಗಾಳಿ. ಹತ್ತು ಹನ್ನೊಂದಕ್ಕೆ ಎದ್ದು, ಮೂರರ ಸುಮಾರಿಗೆ ಬಲಿತು, ಹೊತ್ತು ಮುಳುಗುವಾಗ ಸೋಲುತ್ತದೆ. ರಾತ್ರಿ ಲೆಕ್ಕ ತಿರುಗುಮುರುಗು. ನೆಲ ಬೇಗ ಆರುತ್ತದೆ, ಕಡಲು ಬೆಚ್ಚಗೇ ಉಳಿಯುತ್ತದೆ, ನಸುಕಿನಲ್ಲಿ ಗಾಳಿ ನೆಲದಿಂದ ಕಡಲಿಗೆ ಹರಿಯುತ್ತದೆ. ಎಂಜಿನ್ ಬರುವ ಮುಂಚಿನ ಮೀನುಗಾರರ ಬದುಕು ಈ ಎರಡು ಉಸಿರುಗಳ ನಡುವೆ ಇತ್ತು. ನಸುಕಿನ ನೆಲಗಾಳಿಗೆ ಹಾಯಿ ಕೊಟ್ಟು ಹೊರಡುವುದು, ಮಧ್ಯಾಹ್ನದ ಕಡಲಗಾಳಿಗೆ ಬೆನ್ನು ಕೊಟ್ಟು ಮರಳುವುದು.

ಇನ್ನೊಂದು ಸೂಕ್ಷ್ಮ ಇದೆ. ಭೂಮಿ ತಿರುಗುತ್ತಿರುವುದರಿಂದ ಉತ್ತರಾರ್ಧಗೋಳದಲ್ಲಿ ಚಲಿಸುವ ಗಾಳಿ ತನ್ನ ಬಲಕ್ಕೆ ಹೊರಳುತ್ತದೆ. ಬೆಳಿಗ್ಗೆ ನೇರ ಪಡುವಲಿನಿಂದ ಬಂದ ಕಡಲಗಾಳಿ ಮಧ್ಯಾಹ್ನದ ಹೊತ್ತಿಗೆ ವಾಯವ್ಯದ ಗಾಳಿಯಾಗಿಬಿಡುತ್ತದೆ. ನಾವು ಹೋಗಬೇಕಿದ್ದುದು ಕಾಳಿ ನದಿಯ ಮುಖ ದಾಟಿ, ದೇವಬಾಗದ ಮುಂದೆ ಹಾದು, ಮಾಜಾಳಿಗೆ. ಹತ್ತು ಕಿ.ಮೀ. ಆಸುಪಾಸಿನ ದಾರಿ, ಹೆಚ್ಚುಕಡಿಮೆ ಗಾಳಿ ಬರುವ ಕಡೆಗೇ.

ಗಾಳಿಗೆ ಎದುರಾಗಿ ಹಾಯಿದೋಣಿ ಹೇಗೆ ಹೋಗುತ್ತದೆ? ಮುಂಡರಗಿಯ ಗೆಳೆಯನಿಗೆ ಇದು ನಂಬಲಾಗದ ಮಾತಾಗಿತ್ತು. ತುಂಗಭದ್ರೆಯ ದಂಡೆಯಲ್ಲಿ ಬೆಳೆದವನು. ಅವನಿಗೆ ಗೊತ್ತಿದ್ದ ದೋಣಿ ಹರಿಗೋಲು. ಬಿದಿರಿನ ಬುಟ್ಟಿಗೆ ಹಿಂದೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿದ ದುಂಡು ದೋಣಿ. ಸುಮಾರು 1520ರಲ್ಲಿ ವಿಜಯನಗರ ನೋಡಿದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ಹೊಳೆಯ ಇದೇ ದೋಣಿಯನ್ನು ಬಣ್ಣಿಸಿದ್ದಾನೆ. ಹದಿನೈದಿಪ್ಪತ್ತು ಜನರನ್ನು ಹೊರುತ್ತದೆ, ಆದರೆ ಉಳಿದ ದೋಣಿಗಳಂತೆ ನೇರ ಹೋಗಲಾರದೆ ಸದಾ ತಿರುಗುತ್ತಿರುತ್ತದೆ ಎಂಬುದು ಅವನು ಕಂಡದ್ದು. ಐದು ನೂರು ವರ್ಷದ ಹಿಂದಿನ ಆ ಒಂದು ಗಮನಿಕೆಯಲ್ಲಿ ಹಾಯಿದೋಣಿಯ ಗುಟ್ಟು ಅಡಗಿದೆ. ಹರಿಗೋಲಿಗೆ ಮುಂದಿಲ್ಲ, ಹಿಂದಿಲ್ಲ, ತಳದಲ್ಲಿ ನೀರನ್ನು ಹಿಡಿಯುವ ಅಲಗಿಲ್ಲ. ಎಲ್ಲ ದಿಕ್ಕಿಗೂ ನೀರು ಅದನ್ನು ಸಮನಾಗಿ ಬಿಟ್ಟುಕೊಡುತ್ತದೆ. ಅದರ ಮೇಲೆ ಕಂಬ ನೆಟ್ಟು ಬಟ್ಟೆ ಕಟ್ಟಿದರೆ ಗಾಳಿ ತಳ್ಳಿದ ಕಡೆಗೆ ತರಗೆಲೆಯಂತೆ ಹೋದೀತು, ಅಷ್ಟೆ.

ನಮ್ಮ ದೋಣಿಯ ನಡುವೆ ಒಂದು ಸೀಳು ಇತ್ತು. ನೀರಿಗಿಳಿದ ಕೂಡಲೇ ಕಡಲಿಗ ಅದರೊಳಗಿಂದ ಒಂದು ಹಲಗೆಯನ್ನು ಕೆಳಕ್ಕೆ ಇಳಿಸಿದ. ಸುಮಾರು ಮೂರಡಿ ಉದ್ದದ, ಕತ್ತಿಯಂಥ ಅಡಿಹಲಗೆ. ದೊಡ್ಡ ಹಡಗುಗಳಲ್ಲಿ ಇದೇ ಕೆಲಸವನ್ನು ತಳದ ಏರುಮರ ಮಾಡುತ್ತದೆ. ಈ ಹಲಗೆಯ ಅಂಚು ಮುಂದಕ್ಕೆ, ಅಗಲ ಪಕ್ಕಕ್ಕೆ. ಮುಂದಕ್ಕೆ ಹೋಗಲು ನೀರು ಸುಲಭವಾಗಿ ದಾರಿ ಕೊಡುತ್ತದೆ, ಪಕ್ಕಕ್ಕೆ ಸರಿಯಲು ಬಿಡುವುದಿಲ್ಲ. ಗಾಳಿ ಹಾಯಿಯನ್ನು ಓರೆಯಾಗಿ ಒತ್ತುತ್ತದೆ, ನೀರು ಹಲಗೆಯನ್ನು ಎದುರಿನಿಂದ ಒತ್ತುತ್ತದೆ. ಎರಡರ ನಡುವೆ ಸಿಕ್ಕಿಕೊಂಡ ದೋಣಿಗೆ ತಪ್ಪಿಸಿಕೊಳ್ಳಲು ಇರುವುದು ಒಂದೇ ದಾರಿ, ಮುಂದಕ್ಕೆ. ಸೀತಾಫಲದ ಹಸಿ ಬೀಜವನ್ನು ಎರಡು ಬೆರಳ ನಡುವೆ ಒತ್ತಿ ನೋಡಿ. ಬೆರಳುಗಳು ಒತ್ತಿದ್ದು ಪಕ್ಕದಿಂದ, ಬೀಜ ಚಿಮ್ಮಿದ್ದು ಮುಂದಕ್ಕೆ.

ಕಾರಹುಣ್ಣಿಮೆಯ ಹೊತ್ತಿಗೆ ನಮ್ಮ ಕಡೆಯ ಹುಡುಗರು ಹಾರಿಸುವ ಗಾಳಿಪಟವೂ ಇದೇ ಪಾಠ ಹೇಳುತ್ತದೆ. ಸೂತ್ರ ಇರುವತನಕ ಪಟ ಮೇಲೇರುತ್ತದೆ. ಸೂತ್ರ ಹರಿದ ಗಳಿಗೆಯಲ್ಲಿ, ಅದೇ ಗಾಳಿ, ಅದೇ ಕಾಗದ ಇದ್ದರೂ, ತೂರಾಡುತ್ತ ಯಾರದೋ ಮಾಳಿಗೆಗೆ ಬೀಳುತ್ತದೆ. ಪಟಕ್ಕೆ ದಾರ ಏನೋ ಹಾಯಿಗೆ ಅಡಿಹಲಗೆ ಅದು. ಗಾಳಿಯೊಂದೇ ಇದ್ದರೆ ತೇಲಿಹೋಗುವುದು, ಗಾಳಿಯ ಜೊತೆ ಹಿಡಿತವೂ ಇದ್ದರೆ ನಡೆಯುವುದು. ಹಾಯಿ ಹೊಲಿದವನಿಗಿಂತ ಮೊದಲು ಹಲಗೆ ಇಳಿಸಿದವನನ್ನು ನಾನು ನೆನೆಯುತ್ತೇನೆ. ಮನುಷ್ಯ ಗಾಳಿಗೆ ಬಟ್ಟೆ ಒಡ್ಡುವುದನ್ನು ಬೇಗನೆ ಕಲಿತಿರಬೇಕು. ನೀರಿನ ಪ್ರತಿರೋಧವನ್ನೇ ಕೆಲಸಕ್ಕೆ ಹಚ್ಚಬಹುದು ಎಂದು ಹೊಳೆದದ್ದು ಅದಕ್ಕಿಂತ ದೊಡ್ಡ ಬುದ್ಧಿ.

ಇನ್ನು ಹಾಯಿ. ಎದುರುಗಾಳಿಗೆ ಸಾಗುವಾಗ ಹಾಯಿ ಚೀಲವಲ್ಲ, ರೆಕ್ಕೆ. ಅದರ ಹೊಟ್ಟೆಯಲ್ಲಿ ಅಗಲದ ಹತ್ತನೆಯ ಒಂದು ಪಾಲಿನಷ್ಟು ಬಾಗು ಇರುತ್ತದೆ. ಹರಿದು ಬಂದ ಗಾಳಿ ಆ ಬಾಗಿಗೆ ಅಂಟಿಕೊಂಡು ತಿರುಗುತ್ತದೆ. ಹಾಯಿ ಗಾಳಿಯನ್ನು ಒಂದು ಕಡೆಗೆ ತಿರುಗಿಸಿದರೆ ಗಾಳಿ ಹಾಯಿಯನ್ನು ಮತ್ತೊಂದು ಕಡೆಗೆ ದೂಡಲೇಬೇಕು, ನ್ಯೂಟನ್ನನ ಮೂರನೆಯ ನಿಯಮ. ಹಾಯಿಯ ಉಬ್ಬಿದ ಬೆನ್ನಿನ ಕಡೆ ಒತ್ತಡ ಇಳಿದಿರುತ್ತದೆ, ಹೊಟ್ಟೆಯ ಕಡೆ ಏರಿರುತ್ತದೆ. ರೆಕ್ಕೆಯ ಮೇಲ್ಭಾಗ ಉದ್ದ, ಆ ದಾರಿಯ ಗಾಳಿ ಕೆಳಗಿನ ಗಾಳಿಯನ್ನು ತುದಿಯಲ್ಲಿ ಕೂಡಿಕೊಳ್ಳಲು ವೇಗವಾಗಿ ಓಡುತ್ತದೆ ಎಂಬ ವಿವರಣೆಯನ್ನು ಎಷ್ಟೋ ಪಾಠಪುಸ್ತಕಗಳು ಕೊಟ್ಟಿವೆ. ಅದು ತಪ್ಪು. ಹಾಯಿಯೇ ಅದಕ್ಕೆ ಸಾಕ್ಷಿ. ತೆಳು ಬಟ್ಟೆಯ ಎರಡೂ ಮೈಗಳ ಉದ್ದ ಒಂದೇ. ಆದರೂ ಅದು ದೋಣಿಯನ್ನು ಎಳೆಯುತ್ತದೆ. ಗಾಳಿಯ ಎರಡು ಪಾಲುಗಳು ತುದಿಯಲ್ಲಿ ಒಟ್ಟಿಗೆ ಸೇರಬೇಕೆಂಬ ಕಟ್ಟಳೆ ಪ್ರಕೃತಿಯಲ್ಲಿ ಎಲ್ಲೂ ಇಲ್ಲ.

ನೇರ ಗಾಳಿಯ ಮೂತಿಗೆ ಮಾತ್ರ ಯಾವ ಹಾಯಿದೋಣಿಯೂ ಹೋಗಲಾರದು. ಹಾಯಿ ಪಟಪಟ ಬಡಿದುಕೊಂಡು ಸತ್ತುಹೋಗುತ್ತದೆ. ಗಾಳಿಯಿಂದ ಸುಮಾರು 45 ಡಿಗ್ರಿ ಓರೆಗೆ ಬಂದರೆ ಜೀವ ತುಂಬುತ್ತದೆ. ಆದ್ದರಿಂದ ದೋಣಿ ಒಮ್ಮೆ ಎಡಕ್ಕೆ ಓರೆ, ಒಮ್ಮೆ ಬಲಕ್ಕೆ ಓರೆ ಹೋಗುತ್ತ ಮೇಲೇರಬೇಕು. ಹಿಂದಿನ ದಿನ ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಟ್ಟದ ತಿರುವುಗಳಲ್ಲಿ ನಾವು ಮಾಡಿದ್ದೂ ಇದನ್ನೇ. ಅಲ್ಲಿ ಗುಡ್ಡದ ಇಳಿಜಾರನ್ನು ತಿರುವುಗಳಾಗಿ ಕತ್ತರಿಸಿದ್ದಾರೆ, ಇಲ್ಲಿ ಗಾಳಿಯ ಇಳಿಜಾರನ್ನು. ಲೆಕ್ಕ ಸರಳ: ನೇರ ಎದುರುಗಾಳಿಯಲ್ಲಿ 10 ಕಿ.ಮೀ. ಮುಂದೆ ಹೋಗಲು ಎರಡರ ವರ್ಗಮೂಲದಷ್ಟು ಪಟ್ಟು, ಅಂದರೆ 14 ಕಿ.ಮೀ. ನೀರು ಸೀಳಬೇಕು. ಪ್ರತಿ ತಿರುವಿಗೂ ಹಾಯಿಯ ಅಡ್ಡಗೋಲು ತಲೆಯ ಮೇಲಿಂದ ಸರ್ರನೆ ಹಾಯುತ್ತದೆ, ಎಲ್ಲರೂ ಬಗ್ಗಿ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಜಿಗಿಯಬೇಕು. ಮೊದಲ ಐದಾರು ತಿರುವಿನಲ್ಲಿ ಗಾಳಿ ಕಳೆದುಕೊಂಡು ದೋಣಿ ಮಧ್ಯದಲ್ಲೇ ನಿಂತಿತು. ಆಮೇಲೆ ಮೈಗೆ ಒಗ್ಗಿತು.

ನನಗೆ ಅತ್ಯಂತ ಹಿಡಿಸಿದ ಮಾತು ಬೆಟಗೇರಿಯ ಗೆಳೆಯನಿಂದ ಬಂತು. ನೇಕಾರರ ಮನೆಯವನು. ಕೂತ ಕೂಡಲೇ ಹಾಯಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಮೊದಲು ಉದ್ದಕ್ಕೆ ಎಳೆದ, ಆಮೇಲೆ ಅಡ್ಡ ಎಳೆದ, ಕೊನೆಗೆ ಮೂಲೆಯಿಂದ ಮೂಲೆಗೆ ಎಳೆದ. ನೂಲಿನ ಬಟ್ಟೆ ಹಾಸಿನ ಉದ್ದಕ್ಕೂ ಹೊಕ್ಕಿನ ಉದ್ದಕ್ಕೂ ಹೆಚ್ಚು ಹಿಗ್ಗುವುದಿಲ್ಲ, ಏಕೆಂದರೆ ಅಲ್ಲಿ ಎಳೆತವನ್ನು ನೂಲೇ ನೇರವಾಗಿ ತಡೆಯುತ್ತದೆ. ಓರೆಗೆ ಎಳೆದರೆ ಹಾಸು ಹೊಕ್ಕಿನ ಚೌಕಗಳು ವಜ್ರಾಕೃತಿಗೆ ಜಾರಿ ಬಟ್ಟೆ ಹಿಗ್ಗಿಬಿಡುತ್ತದೆ. ಕೈವಸ್ತ್ರದಲ್ಲಿ ಈಗಲೇ ಎಳೆದು ನೋಡಬಹುದು. ಹಾಯಿ ಕತ್ತರಿಸುವವರ ಇಡೀ ವಿದ್ಯೆ ಇದರ ಮೇಲೆ ನಿಂತಿದೆ. ಹಾಯಿಯ ಹಿಂದಂಚಿಗೆ ಬೀಳುವ ಎಳೆತ ನೂಲಿನ ಉದ್ದಕ್ಕೇ ಬರುವಂತೆ ತುಂಡುಗಳನ್ನು ಜೋಡಿಸದಿದ್ದರೆ, ಎರಡು ದಿನದ ಗಾಳಿಗೆ ರೆಕ್ಕೆ ಹೋಗಿ ಚೀಲವಾಗುತ್ತದೆ. ಈಗಿನ ಹಾಯಿಗಳು ಬಹುಮಟ್ಟಿಗೆ ಪಾಲಿಯೆಸ್ಟರಿನವು, 1950ರ ದಶಕದಿಂದ ಈಚೆಗೆ ಬಂದವು. ಅದಕ್ಕೂ ಮೊದಲು ಹತ್ತಿಯ ಕ್ಯಾನ್ವಾಸು. ಹತ್ತಿಯ ನಾರಿಗೆ ಒಂದು ವಿಚಿತ್ರ ಗುಣವಿದೆ, ಒದ್ದೆಯಾದರೆ ಅದರ ಬಲ ಹೆಚ್ಚುತ್ತದೆ. ನಾರು ಉಬ್ಬಿ ನೇಯ್ಗೆಯ ಸಂದುಗಳೂ ಮುಚ್ಚುತ್ತವೆ. ಗಾಳಿ ಕಡಿಮೆಯಾದಾಗ ಹಳೆಯ ಕಡಲಿಗರು ಹಾಯಿಗೆ ನೀರೆರಚುತ್ತಿದ್ದುದು ಅದಕ್ಕೇ.

ಹತ್ತಿಯ ಮಾತು ಬಂದ ಮೇಲೆ ನಮ್ಮ ಎರೆಭೂಮಿಗೂ ಈ ಕಡಲಿಗೂ ಇದ್ದ ಹಳೆಯ ನಂಟನ್ನು ಹೇಳದೆ ಮುಂದೆ ಹೋಗಲಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಗದಗ ಸೇರಿದ್ದ ಧಾರವಾಡ ಸೀಮೆಯ ನಾಟಿ ಹತ್ತಿಗೆ ಮುಂಬೈ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರು. ಕುಮಟೆಯಲ್ಲಿ ಅದು ಬೆಳೆಯುತ್ತಿರಲಿಲ್ಲ. ಬೆಳೆದದ್ದು ನಮ್ಮ ಕರಿನೆಲದಲ್ಲಿ. ಎತ್ತಿನ ಹೇರಿನಲ್ಲಿ, ಬಂಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಲ್ಲಿ ಪತ್ತೆಮಾರಿಗಳನ್ನು ಏರಿ ಮುಂಬೈಗೆ ಹೋಗುತ್ತಿದ್ದುದರಿಂದ ಆ ಹೆಸರು ಬಿತ್ತು. ಪತ್ತೆಮಾರಿ ಎಂದರೆ ಈ ಕರಾವಳಿಯ ಸರಕಿನ ಹಾಯಿಹಡಗು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಂದ ಹತ್ತಿ ಬರುವುದು ನಿಂತಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ, ಕಾರವಾರವನ್ನು ಬಂದರಾಗಿ ಬೆಳೆಸಿದ್ದರ ಹಿಂದೆ ಇದ್ದುದು ಈ ಹತ್ತಿಯ ಸೆಳೆತ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಗದಗವನ್ನು ಮುಟ್ಟಿದ ಮೇಲೆ ಹತ್ತಿ ಹಳಿ ಹಿಡಿಯಿತು, ಬಂದರುಗಳು ಸೊರಗಿದವು. ನಮ್ಮ ಸೀಮೆ ಕಡಲನ್ನು ಮರೆತದ್ದು ಹಾಗೆ. ಅದಕ್ಕಿಂತ ಮುಂಚೆ ಗದಗ ಸೀಮೆಯ ರೈತನ ಫಸಲು ತಲುಪುವ ಹೊತ್ತನ್ನು ಗೊತ್ತುಮಾಡುತ್ತಿದ್ದುದು ಹಾಯಿಗೆ ಬೀಸುವ ಗಾಳಿಯೇ.

ಸಂಜೆ ನಾಲ್ಕರ ಸುಮಾರಿಗೆ ಮಾಜಾಳಿಯ ಮರಳು ಮುಟ್ಟಿದೆವು. ಒಂದು ಕಡೆ ಕೂರ್ಮಗಡದ ನಡುಗಡ್ಡೆ, ಇನ್ನೊಂದು ಕಡೆ, ನಾವು ಬಿಟ್ಟುಬಂದ ಕಾಳಿ ಮುಖದ ಬಳಿ ಸದಾಶಿವಗಡದ ಗುಡ್ಡ. ಇದೇ ಕಾಳಿಯಲ್ಲಿ 1883ರಲ್ಲಿ ಇಪ್ಪತ್ತೆರಡರ ಹರೆಯದ ರವೀಂದ್ರನಾಥ ಟ್ಯಾಗೋರರು ಪುಟ್ಟ ದೋಣಿಯಲ್ಲಿ ನದಿಯೇರಿ ಹೋಗಿದ್ದರು. ಅಣ್ಣ ಸತ್ಯೇಂದ್ರನಾಥರು ಆಗ ಕಾರವಾರದಲ್ಲಿ ನ್ಯಾಯಾಧೀಶರು. ಶಿವಾಜಿಯ ಕಾಲದ ಗಿರಿದುರ್ಗ ನೋಡಿ, ಬೆಳದಿಂಗಳಲ್ಲಿ ಹೊಳೆಯ ಸೆಳವಿಗೆ ದೋಣಿ ಬಿಟ್ಟು ಇಳಿದು ಬರುವಷ್ಟರಲ್ಲಿ ರಾತ್ರಿ ಬಹಳ ಆಗಿತ್ತು. ಅವರು ಕಡಲ ದಾರಿ ಬಿಟ್ಟು ನದೀಮುಖದಲ್ಲೇ ಇಳಿದು ಮರಳ ಮೇಲೆ ನಡೆದು ಮನೆ ಸೇರಿದರು. ತಮ್ಮ ನೆನಪುಗಳಲ್ಲಿ ಅದನ್ನು ಬರೆದಿದ್ದಾರೆ. ರಾತ್ರಿ ಮರಳ ಮೇಲೆ ಮಲಗಿ ಆ ನಡಿಗೆಯನ್ನು ನೆನೆದೆವು.

ಭಾನುವಾರ ನಸುಕಿನ ಐದೂವರೆಗೆ ಎದ್ದಾಗ ಗಾಳಿ ಬೆನ್ನಿಗೆ ತಣ್ಣಗೆ ತಾಗುತ್ತಿತ್ತು. ಸಹ್ಯಾದ್ರಿಯ ಕಡೆಯಿಂದ ಬರುವ ಮೂಡಗಾಳಿ, ರಾತ್ರಿಯಿಡೀ ಆರಿದ ನೆಲದ ಉಸಿರು. ನಾವು ತೆಂಕಲಿಗೆ ಹೋಗಬೇಕು, ಗಾಳಿ ಮೂಡಲಿನಿಂದ, ಅಂದರೆ ನೇರ ಎಡಮಗ್ಗುಲಿಗೆ. ತಿರುವಿಲ್ಲ, ಜಿಗಿತವಿಲ್ಲ. ಒಂದೇ ಗೆರೆ ಎಳೆದಂತೆ ದೋಣಿ ಹೋಯಿತು. ಹಿಂದಿನ ದಿನ ಮೂರೂವರೆ ತಾಸು ತಿಂದ ದಾರಿ ಒಂದೂವರೆ ತಾಸಿಗೆ ಮುಗಿಯಿತು, ಅದೂ ಅರ್ಧದಷ್ಟು ಬಲದ ಗಾಳಿಯಲ್ಲಿ.

ಬೆನ್ನಿಗೆ ಬೀಸುವ ಗಾಳಿಯೇ ಎಲ್ಲಕ್ಕಿಂತ ಒಳ್ಳೆಯದು ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಹಾಯಿಯ ಲೆಕ್ಕ ಬೇರೆ. ತಾಸಿಗೆ 15 ಕಿ.ಮೀ. ವೇಗದ ಗಾಳಿ ಹಿಂದಿನಿಂದ ಬೀಸಿ ದೋಣಿ 6 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ಹಾಯಿಗೆ ದಕ್ಕುವುದು 9 ಕಿ.ಮೀ. ಗಾಳಿ ಮಾತ್ರ. ದೋಣಿ ಓಡಿದಷ್ಟೂ ಗಾಳಿ ತೆಳುವಾಗುತ್ತದೆ. ಗಾಳಿ ಮಗ್ಗುಲಿನಿಂದ ಬಂದರೆ ದೋಣಿಯ ವೇಗ ಅದಕ್ಕೆ ಕೂಡಿಕೊಳ್ಳುತ್ತದೆ. ಬೈಕಿನ ಮೇಲೆ ಹೋಗುವಾಗ ಮಗ್ಗುಲ ಗಾಳಿ ಎದುರಿನಿಂದ ಬಂದಂತೆ ಮುಖಕ್ಕೆ ಬಡಿಯುವುದಿಲ್ಲವೇ, ಹಾಗೆ. ನಿಂತವನಿಗೆ ತಾಗುವ ಗಾಳಿ ಒಂದು, ಓಡುವವನಿಗೆ ತಾಗುವ ಗಾಳಿ ಇನ್ನೊಂದು. ಹಾಯಿ ದುಡಿಯುವುದು ಎರಡನೆಯದರಿಂದ. ಈ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು, ಗದಗಕ್ಕೆ ಬಂದ ಮೇಲೆ ಬೇಕಾಗುತ್ತದೆ.

ವೇಗಕ್ಕೊಂದು ಮಿತಿಯೂ ಇದೆ. ದೋಣಿ ಓಡುವಾಗ ಮೂತಿಯಲ್ಲಿ ಒಂದು ಅಲೆ ಏಳುತ್ತದೆ. ವೇಗ ಹೆಚ್ಚಿದಂತೆ ಆ ಅಲೆಯ ಉದ್ದವೂ ಹೆಚ್ಚುತ್ತ ಹೋಗಿ, ಕೊನೆಗೆ ಒಂದು ತೆರೆ ಮೂತಿಯಲ್ಲಿ, ಮುಂದಿನ ತೆರೆ ಬಾಲದಲ್ಲಿ ನಿಲ್ಲುತ್ತದೆ. ದೋಣಿ ತಾನೇ ತೋಡಿದ ತಗ್ಗಿನಲ್ಲಿ ಸಿಕ್ಕಿಬೀಳುತ್ತದೆ. ಇನ್ನೂ ಬೇಗ ಹೋಗಬೇಕಾದರೆ ತನ್ನದೇ ಅಲೆಯ ಗುಡ್ಡ ಹತ್ತಬೇಕು. ಹದಿನಾರು ಅಡಿಯ ದೋಣಿಗೆ ಈ ಮಿತಿ ತಾಸಿಗೆ ಸುಮಾರು 10 ಕಿ.ಮೀ. ಹಡಗು ಉದ್ದವಾದಷ್ಟೂ ಮಿತಿ ಮೇಲೇರುತ್ತದೆ.

ಸೋಮವಾರ ಬೆಳಿಗ್ಗೆ ಗದಗಿನಿಂದ ಮುಂಡರಗಿಯ ಹಾದಿ ಹಿಡಿದಾಗ ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ನಮ್ಮ ಜನ ಅವನ್ನು ‘ಫ್ಯಾನು’ ಎನ್ನುತ್ತಾರೆ. ಹೆಸರು ಸಾಲದು ಅನಿಸಿತು. ಫ್ಯಾನು ಗಾಳಿ ಕೊಡುತ್ತದೆ, ಇವು ಗಾಳಿ ಉಣ್ಣುತ್ತವೆ. ಇವು ಹಾಯಿದೋಣಿಗಳು. ಗಾಳಿ ಬರುವ ದಿಕ್ಕಿಗೆ ಅಡ್ಡಲಾಗಿ ಆ ರೆಕ್ಕೆ ಓಡುತ್ತದೆ, ಭಾನುವಾರ ನಸುಕಿನಲ್ಲಿ ನಮ್ಮ ದೋಣಿ ಮಗ್ಗುಲ ಗಾಳಿಯಲ್ಲಿ ಓಡಿದಂತೆಯೇ. ದೋಣಿಗೆ ಹಿಡಿತ ಕೊಡಲು ಅಡಿಹಲಗೆ, ಇಲ್ಲಿ ನೆಲದಲ್ಲಿ ಹೂತ ಕಾಂಕ್ರೀಟಿನ ಬುಡ. ಅಲ್ಲಿ ನೀರಿನ ಮಿತಿ ಇತ್ತು, ಇಲ್ಲಿ ಅದೂ ಇಲ್ಲ. ಹೀಗಾಗಿ ಸೆಕೆಂಡಿಗೆ 10 ಮೀಟರ್ ಗಾಳಿಯಲ್ಲಿ ರೆಕ್ಕೆಯ ತುದಿ ಅದರ ಏಳು ಪಟ್ಟು, ಎಂದರೆ ತಾಸಿಗೆ 250 ಕಿ.ಮೀ. ವೇಗದಲ್ಲಿ ಸಾಗಬಲ್ಲದು. ದೂರದಿಂದ ಸೋಮಾರಿಯಾಗಿ ತಿರುಗುವಂತೆ ಕಾಣುವುದು ಅದರ ಗಾತ್ರದ ಭ್ರಮೆ. ಅಷ್ಟು ವೇಗದಲ್ಲಿ ಓಡುವ ತುದಿಗೆ ಗಾಳಿ ಬಹುತೇಕ ಎದುರಿನಿಂದಲೇ ಬಂದಂತೆ ತಾಗುತ್ತದೆ, ನಿಧಾನ ಸಾಗುವ ಬುಡಕ್ಕೆ ಮಗ್ಗುಲಿನಿಂದ. ಒಂದೇ ರೆಕ್ಕೆ ಎರಡಕ್ಕೂ ಹೊಂದಬೇಕು. ಅದಕ್ಕೇ ಅದನ್ನು ಬುಡದಿಂದ ತುದಿಗೆ ಹಿಂಡಿದಂತೆ ತಿರುಚಿ ಮಾಡಿರುತ್ತಾರೆ.

ಗಾಳಿಯ ವೇಗ ಇಮ್ಮಡಿಯಾದರೆ ಅದರ ಶಕ್ತಿ ಇಮ್ಮಡಿಯಲ್ಲ, ಎಂಟು ಪಟ್ಟು. ಗಾಳಿಗೆ ಗುಡ್ಡದ ನೆತ್ತಿಯನ್ನೇ ಹುಡುಕುವುದು ಇದಕ್ಕೇ. ಆದರೆ ಎಷ್ಟೇ ಜಾಣ ಯಂತ್ರವಾದರೂ ಹಾಯ್ದು ಹೋಗುವ ಗಾಳಿಯ ಶಕ್ತಿಯಲ್ಲಿ ನೂರಕ್ಕೆ 59ರಷ್ಟಕ್ಕಿಂತ ಹೆಚ್ಚು ಹಿಡಿಯಲಾರದು ಎಂದು ಜರ್ಮನಿಯ ಆಲ್ಬರ್ಟ್ ಬೆಟ್ಜ್ 1919ರಲ್ಲಿ ತೋರಿಸಿದರು. ಪೂರ್ತಿ ಹಿಡಿದರೆ ಗಾಳಿ ಅಲ್ಲೇ ನಿಂತುಬಿಡುತ್ತದೆ, ಹಿಂದಿನಿಂದ ಬರುವ ಗಾಳಿಗೆ ದಾರಿ ಇರುವುದಿಲ್ಲ. ಅದು ಮುಂದೆ ಹರಿಯಲು ಒಂದು ಪಾಲು ಬಿಟ್ಟುಕೊಡಲೇಬೇಕು.

ಕಪ್ಪತಗುಡ್ಡದ ನೆತ್ತಿಯ ಬಸವಣ್ಣನಿಗೆ ‘ಗಾಳಿಗುಂಡಿ ಬಸವಣ್ಣ’ ಎಂದು ಹೆಸರು. ಯಾವ ಗಾಳಿಮಾಪಕವೂ ಬರುವ ಮೊದಲೇ ಜನ ಆ ಜಾಗದ ಗುಣವನ್ನು ದೇವರ ಹೆಸರಿನಲ್ಲಿ ಬರೆದಿಟ್ಟಿದ್ದಾರೆ. ಆಷಾಢದಲ್ಲಿ ಅಲ್ಲಿ ನಿಲ್ಲಲಾಗದು. ಮುಂಗಾರಿನ ತಿಂಗಳುಗಳಲ್ಲಿ ಅರಬ್ಬಿ ಕಡಲನ್ನು ದಾಟಿ, ದಕ್ಷಿಣ ಭಾರತದ ಮೇಲೆ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ ಪಡುವಲಿಂದ ಮೂಡಲಿಗೆ ಬಿರುಸಾದ ಗಾಳಿಯ ಹೊಳೆಯೊಂದು ಹರಿಯುತ್ತದೆ. 1966ರಲ್ಲಿ ಅದನ್ನು ಗುರುತಿಸಿದವರು ನಮ್ಮವರೇ ಆದ ಹವಾಮಾನ ವಿಜ್ಞಾನಿಗಳು, ಪಿ.ವಿ. ಜೋಸೆಫ್ ಮತ್ತು ಪಿ.ಎಲ್. ರಾಮನ್. ಆ ಗಾಳಿ ಕಾರವಾರದಲ್ಲಿ, ಘಟ್ಟದಲ್ಲಿ ತನ್ನ ನೀರನ್ನು ಸುರಿಸಿ ಬರುತ್ತದೆ. ಕಾರವಾರಕ್ಕೆ ವರ್ಷಕ್ಕೆ 3000 ಮಿ.ಮೀ. ಮೀರಿದ ಮಳೆ, ನಮಗೆ 600ರ ಆಸುಪಾಸು. ನೀರು ಅವರಿಗೆ, ಗಾಳಿ ನಮಗೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಅವರ ದೋಣಿಗಳು ದಡ ಸೇರಿ ನಿಲ್ಲುವ ಆ ದಿನಗಳಲ್ಲೇ ನಮ್ಮ ಗುಡ್ಡದ ಹಾಯಿಗಳು ಪೂರ್ತಿ ತುಂಬಿ ಓಡುತ್ತವೆ.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು, ಸುಮಾರು 244 ಚದರ ಕಿ.ಮೀ. ಅದರ ಹಿಂದೆ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರಂಥವರ ಮತ್ತು ಸಾವಿರಾರು ಸಾಮಾನ್ಯರ ಹೋರಾಟವಿದೆ. ಗಾಳಿಯಿಂದ ಕರೆಂಟು ತೆಗೆಯುವುದು ಒಳ್ಳೆಯದೇ. ಆದರೆ ಕಂಬ ನೆಡಲು ಗುಡ್ಡದ ನೆತ್ತಿಗೆ ದಾರಿ ಕೊರೆದಾಗ ಹುಲ್ಲುಗಾವಲು ಸೀಳುತ್ತದೆ, ಮಣ್ಣು ಇಳಿಯುತ್ತದೆ, ರೆಕ್ಕೆಗೆ ಹಕ್ಕಿ ಬಡಿಯುತ್ತದೆ. ಬಯಲಿನ ಹೊಲಗಳಲ್ಲೂ ಎತ್ತರದ ಕಂಬಗಳಿಗೆ ಗಾಳಿ ಸಿಗುತ್ತಿರುವಾಗ ಕಾಡಿನ ನೆತ್ತಿಯನ್ನು ಅದರ ಪಾಡಿಗೆ ಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹಕ್ಕಿಯೆಂದಾಗ ಮಾಗಡಿ ಕೆರೆ ನೆನಪಾಗುತ್ತದೆ. ಶಿರಹಟ್ಟಿ, ಲಕ್ಷ್ಮೇಶ್ವರದ ನಡುವಿನ ಈ ಕೆರೆಗೆ ಪ್ರತಿ ಚಳಿಗಾಲ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅವು ಪರ್ವತದ ಇಳಿಜಾರಿನಲ್ಲಿ ಹಗಲು ಮೇಲೇಳುವ ಗಾಳಿಯ ಬೆನ್ನೇರಿ ಹೋಗುತ್ತವೆಂದು ಹಿಂದೆ ಊಹಿಸಿದ್ದರು. ಹಕ್ಕಿಗಳಿಗೆ ಉಪಗ್ರಹ ಪತ್ತೆಯಂತ್ರ ಕಟ್ಟಿ ನೋಡಿದ, 2011ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯದನ್ನೇ ತೋರಿಸಿತು. ಅವು ರಾತ್ರಿ ಮತ್ತು ನಸುಕಿನಲ್ಲಿ, ಗಾಳಿ ಶಾಂತವಾಗಿದ್ದಾಗ ಏರುತ್ತವೆ. ತಂಪು ಗಾಳಿ ಸಾಂದ್ರವಾಗಿರುತ್ತದೆ, ರೆಕ್ಕೆಗೆ ಹೆಚ್ಚು ಹಿಡಿತ ಕೊಡುತ್ತದೆ. ಮಾಗಡಿ ಕೆರೆಯೂ ಕುಮಟೆಯ ಪಕ್ಕದ ಅಘನಾಶಿನಿ ಅಳಿವೆಯೂ 2024ರ ಜನವರಿಯಲ್ಲಿ ಒಂದೇ ಪಟ್ಟಿಯಲ್ಲಿ ರಾಮ್ಸಾರ್ ತಾಣಗಳಾಗಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳಾಗಿ ಸೇರಿದವು.

ಕೊನೆಗೆ ಹೇಳಬೇಕಾದ್ದು ನಮ್ಮ ಕಡೆಯ ಜನಕ್ಕೆ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಕಾರವಾರದ ಬಳಿ ಮಗುಚಿ 16 ಜನ ತೀರಿಕೊಂಡರು. ಅವರಲ್ಲಿ ಹಲವರು ನಮ್ಮ ನೆರೆಯ ಹಾವೇರಿ ಜಿಲ್ಲೆಯವರು, ನಮ್ಮಂತೆಯೇ ಬಯಲುನಾಡಿನವರು. ನಾವು ಶನಿವಾರ ಆ ನಡುಗಡ್ಡೆಯ ಮುಂದೆ ಹಾಯುವಾಗ ನಾಲ್ವರೂ ಮಾತು ನಿಲ್ಲಿಸಿದ್ದೆವು.

ದೋಣಿ ನೆಟ್ಟಗಿರುವುದು ಎರಡು ಬಿಂದುಗಳ ಜಗ್ಗಾಟದಿಂದ. ದೋಣಿ ಮತ್ತು ಅದರಲ್ಲಿರುವವರ ಒಟ್ಟು ತೂಕ ಒಂದು ಬಿಂದುವಿನಲ್ಲಿ ಕೆಳಗೆ ಜಗ್ಗುತ್ತದೆ, ನೀರು ಇನ್ನೊಂದು ಬಿಂದುವಿನಲ್ಲಿ ಮೇಲೆ ನೂಕುತ್ತದೆ. ದೋಣಿ ವಾಲಿದಾಗ ನೀರಿನ ನೂಕು ವಾಲಿದ ಕಡೆಗೆ ಸರಿದು ಅದನ್ನು ಮತ್ತೆ ಎತ್ತಿ ನಿಲ್ಲಿಸುತ್ತದೆ. ತೂಕದ ಬಿಂದು ಮೇಲೇರಿದಷ್ಟೂ ಈ ಎತ್ತುವ ಬಲ ಕುಗ್ಗುತ್ತದೆ. ಹೊಟ್ಟನ್ನು ಆಳೆತ್ತರ ಹೇರಿದ ಚಕ್ಕಡಿ ಸಣ್ಣ ತಗ್ಗಿಗೂ ಮಗುಚುವುದು ಇದೇ ಕಾರಣಕ್ಕೆ. ದೋಣಿಯಲ್ಲಿ ಹತ್ತು ಜನ ಒಮ್ಮೆಲೇ ಎದ್ದು ನಿಂತರೆ, ಫೋಟೋಕ್ಕೆಂದು ಒಂದೇ ಮಗ್ಗುಲಿಗೆ ಸರಿದರೆ, ಆ ದೋಣಿ ಹೊಟ್ಟಿನ ಚಕ್ಕಡಿಯಾಗುತ್ತದೆ. ಹರಿಗೋಲು ಅಗಲವಾಗಿರುವುದರಿಂದ ಮೊದಲಿಗೆ ಗಟ್ಟಿಯಾಗಿ ನಿಂತಂತೆ ಕಾಣುತ್ತದೆ. ಆದರೆ ಅದರ ಅಂಚು ನೀರಿನಿಂದ ಗೇಣಿನಷ್ಟೇ ಮೇಲೆ. ಅಂಚು ಒಮ್ಮೆ ಮುಳುಗಿತೆಂದರೆ ಸಾವರಿಸಲು ಹೊತ್ತಿರುವುದಿಲ್ಲ.

ಕಾರವಾರಕ್ಕೆ ಹೋದವರು ಕೂರ್ಮಗಡಕ್ಕೆ ದೋಣಿ ಹತ್ತಿ, ಹಮ್ಮಿಗಿಯಲ್ಲಿ ತುಂಗಭದ್ರೆಯ ಹಿನ್ನೀರು ನೋಡಲು ಹೋದವರು ಹರಿಗೋಲು ಹತ್ತಿ. ಆದರೆ ಹತ್ತುವ ಮುಂಚೆ ತೇಲು ಅಂಗಿ ಕೇಳಿ ತೊಟ್ಟುಕೊಳ್ಳಿ, ಅದರ ಪಟ್ಟಿ ಬಿಗಿಯಿರಿ, ಮಕ್ಕಳಿಗೆ ಮೊದಲು ಹಾಕಿ. ದೋಣಿಯ ತಳದಲ್ಲಿ ಕೂತುಕೊಳ್ಳಿ, ಅಲೆ ಬಂದಾಗ ಏಳಬೇಡಿ. ಅಂಗಿ ಇಲ್ಲ ಎಂದರೆ, ಜನ ಹೆಚ್ಚಾದರು ಎನಿಸಿದರೆ, ದೋಣಿಯಿಂದ ಇಳಿದುಬಿಡಿ.